ಕೆಂಪು ದಾರದ ಮರಿಯ ತೂಕ

ತಕ್ಕಡಿಯವನು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಆ ಹೊತ್ತಿಗೆ ಅವನ ಗೆಳೆಯ ಗ್ರಂಥಪಾಲ ವಾಚನಾಲಯದ ಹಿಂದಿನ ಕೋಣೆಯಲ್ಲಿ ಬೇಯಿಸಿದ ಮೊಟ್ಟೆಯನ್ನು ಸಣ್ಣಗೆ ಹೆಚ್ಚುತ್ತ, ಸಂಜೆಯ ಫೋನಿನಲ್ಲಿ ಯಾವ ಅಂಕಿ ಹೇಳಬೇಕೆಂದು ಯೋಚಿಸುತ್ತಿದ್ದ. ನಿನ್ನೆ ನೂರ ಅರವತ್ತಮೂರು ಅಂದಾಗಿದೆ. ಇವತ್ತು ನೂರ ಎಪ್ಪತ್ತೊಂದು ಅಂದರೆ ಅತಿಯಾಯಿತೇ? ನೂರ ಅರವತ್ತೊಂಬತ್ತೇ ಇರಲಿ. ಹಾಗೆಂದು ತೀರ್ಮಾನಿಸಿ ಚಾಕು ಒರೆಸಿಕೊಳ್ಳುವಷ್ಟರಲ್ಲಿ ಮನೆಯಿಂದ ಹೆಂಡತಿಯ ಫೋನು ಬಂತು. ಸುದ್ದಿ ಕೇಳಿದ ಮೇಲೂ ನೂರ ಅರವತ್ತೊಂಬತ್ತು ನಾಲಿಗೆಯ ತುದಿಯಲ್ಲೇ ಕೂತಿತ್ತು. ಅದನ್ನು ಯಾರಿಗೆ ಹೇಳುವುದೆಂದು ಅವನಿಗೆ ತಿಳಿಯಲಿಲ್ಲ.

ಆ ಅಂಕಿಯ ಕಥೆ ಇಪ್ಪತ್ತನಾಲ್ಕು ದಿನ ಹಿಂದಿನದು.

ಗ್ರಂಥಪಾಲನ ಗೆಳೆಯರಲ್ಲಿ ಪುಸ್ತಕ ಮುಟ್ಟದವನು ತಕ್ಕಡಿಯವನೊಬ್ಬನೇ. ವಾಚನಾಲಯದ ಎದುರು ಸಾಲಿನಲ್ಲಿ, ಮಹಡಿ ಮೆಟ್ಟಿಲಿನ ಕೆಳಗೆ, ಒಂದೇ ಬಾಗಿಲಿನ ಅಂಗಡಿ ಅವನದು. ಒಳಗೆ ಇಬ್ಬರು ಕೂತರೆ ಒಬ್ಬರು ಉಸಿರು ಬಿಡುವಾಗ ಇನ್ನೊಬ್ಬರು ಉಸಿರು ಎಳೆದುಕೊಳ್ಳಬೇಕು. ಬೀದಿಯ ಚಿನ್ನದಂಗಡಿಯಿಂದ ಗುಜರಿ ಅಂಗಡಿಯವರೆಗೆ ಎಲ್ಲ ತಕ್ಕಡಿಗಳ ಮುಳ್ಳೂ ಅವನ ಕೈಯಲ್ಲೇ ನೆಟ್ಟಗಾಗುತ್ತಿದ್ದವು. ಒಮ್ಮೆ ದಿನಸಿಯವನೊಬ್ಬ ಬಗ್ಗಿ, "ಇಪ್ಪತ್ತು ಗ್ರಾಂ ನನ್ನ ಕಡೆಗೆ ವಾಲಿಸಿಕೊಡಣ್ಣ" ಅಂದಿದ್ದ. ಅವನೂ ಅವನ ತಕ್ಕಡಿಯೂ ಆ ದಿನ ಒಟ್ಟಿಗೇ ಬೀದಿಗೆ ಬಿದ್ದರು. "ತಕ್ಕಡಿ ಸುಳ್ಳು ಹೇಳಲ್ಲ ಕಣೋ ಹುಳ, ಕೈ ಹೇಳುತ್ತೆ" ಎಂಬುದು ಅವನ ಜೀವಮಾನದ ಒಂದೇ ಉಪದೇಶ. ಹುಳ ಅಂದರೆ ಗ್ರಂಥಪಾಲ. ಮೊದಲು 'ಪುಸ್ತಕದ ಹುಳ' ಎಂದಿದ್ದದ್ದು ಮೂವತ್ತು ವರ್ಷದ ಸವೆತದಲ್ಲಿ ಪುಸ್ತಕ ಕಳೆದುಕೊಂಡಿತ್ತು.

ರಿಪೇರಿಗೆ ಬಂದ ಯಾರೋ ಒಬ್ಬರು ಹದಿನೈದು ಗಿನಿ ಕೋಳಿ ಮೊಟ್ಟೆ ಕೊಟ್ಟು ಹೋದರು. ತಿನ್ನಲಿ ಎಂದು ಕೊಟ್ಟದ್ದನ್ನು ಇವನು ಬಲ್ಬು ಹಾಕಿದ ಪೆಟ್ಟಿಗೆಯೊಳಗಿಟ್ಟು ಇಪ್ಪತ್ತೇಳು ದಿನ ಕಾದ. ಹನ್ನೊಂದು ಮರಿ ಹೊರಬಂದವು. ಅದಾದ ಎರಡನೆಯ ದಿನ ಡಾಕ್ಟರು ಅವನ ಹೊಟ್ಟೆಯೊಳಗಿನ ಗಡ್ಡೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಇವತ್ತೇ ಸೇರಿಕೊಳ್ಳಿ" ಅಂದರು.

ಶನಿವಾರ ಸಂಜೆ ಪೆಟ್ಟಿಗೆ ಗ್ರಂಥಪಾಲನ ಮನೆಗೆ ಬಂತು. ಹಿಂದೆಯೇ ತಕ್ಕಡಿಯವನೂ ಬಂದ, ಆಸ್ಪತ್ರೆಯ ದಾರಿಯಲ್ಲಿ.

"ಒಂದು ತಿಂಗಳು ನೋಡ್ಕೋ. ವಾಪಸ್ ಬಂದು ತಗೊಂಡು ಹೋಗ್ತೀನಿ. ಬದುಕಿಸ್ತೀಯಾ?"

ಗ್ರಂಥಪಾಲ ಎದೆಯುಬ್ಬಿಸಿದ. "ನಲವತ್ತು ಸಾವಿರ ಪುಸ್ತಕ ಕಾಯ್ದವನಿಗೆ ಹನ್ನೊಂದು ಕೋಳಿಮರಿ ಯಾವ ಮಹಾ! ನೀನು ಬರೋ ಹೊತ್ತಿಗೆ ಅವು ನಿನ್ನನ್ನೇ ಎತ್ತಿಕೊಂಡು ಹೋಗೋ ಹಾಗೆ ಸಾಕಿರ್ತೀನಿ!"

"ಪುಸ್ತಕ ಹಸಿವಾಯ್ತು ಅಂತ ಕಿರುಚಲ್ಲ ರೀ" ಎಂದಳು ಹೆಂಡತಿ ಅಡುಗೆಮನೆಯಿಂದ.

"ಹುಳದ ಕೈಗೆ ಕೋಳಿ ಕೊಟ್ಟ ಮೊದಲನೆಯವನು ನಾನೇ ಇರಬೇಕು" ಎಂದ ತಕ್ಕಡಿಯವನು. ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ.

ರಸೀದಿ ಪುಸ್ತಕದ ಹಾಳೆಯೊಂದರ ಹಿಂಬದಿಯಲ್ಲಿ ಅವನು ಎಲ್ಲ ಬರೆದುಕೊಟ್ಟಿದ್ದ. ಗಿನಿ ಕೋಳಿ ಮರಿಗೆ ಮಾಮೂಲಿ ಕೋಳಿ ಆಹಾರ ಸಾಲದು. ಟರ್ಕಿ ಮರಿಯ ಆಹಾರವೇ ಬೇಕು, ನೂರಕ್ಕೆ ಇಪ್ಪತ್ತಾರು ಪಾಲು ಪ್ರೋಟೀನು ಇರುವುದು. ಅದು ಅಂಗಡಿಗೆ ಬುಧವಾರ ಬರುತ್ತದೆ. ಅಲ್ಲಿಯವರೆಗೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಹಾಕು. ತಿನ್ನಲು ಗೊತ್ತಾಗದಿದ್ದರೆ ಬೆರಳಿನಿಂದ ಟಕ್ ಟಕ್ ಎಂದು ಕುಟ್ಟಿ ತೋರಿಸು, ತಾಯಿ ಕೊಕ್ಕು ಎಂದುಕೊಳ್ಳುತ್ತವೆ. ನೀರು ಉಗುರು ಬೆಚ್ಚಗಿರಲಿ. ಚಿಕ್ಕ ತಟ್ಟೆ, ಅದರ ತುಂಬ ಗೋಲಿ. ಗೋಲಿಗಳ ಸಂದಿಯ ನೀರನ್ನಷ್ಟೇ ಕುಡಿಯಬೇಕು. ಮೈ ಒದ್ದೆಯಾದರೆ ಮರಿ ಉಳಿಯುವುದಿಲ್ಲ. ಕೊನೆಯ ಸಾಲಿನ ಕೆಳಗೆ ಎರಡು ಗೀಟು: 'ಇದರಲ್ಲಿ ಇಲ್ಲದ ಬುದ್ಧಿ ಉಪಯೋಗಿಸಬೇಡ.'

ಆಮೇಲೆ ಒಂದು ಮರಿಯನ್ನು ಎತ್ತಿ ತೋರಿಸಿದ. ಎಲ್ಲಕ್ಕಿಂತ ಚಿಕ್ಕದು, ಕಾಲಿಗೆ ಕೆಂಪು ದಾರ. "ಇವಳೊಬ್ಬಳದೇ ನನಗೆ ಭಯ. ದಿನಾ ಬೆಳಿಗ್ಗೆ ತೂಗು, ಸಂಜೆ ನನಗೆ ಹೇಳು. ಇವಳು ಉಳಿದರೆ ಎಲ್ಲವೂ ಉಳೀತಾವೆ. ನಾನೂ…" ಅಂದವನು ಮಾತು ಬದಲಿಸಿ, ತಾನು ತಂದಿದ್ದ ಚಿಕ್ಕ ತಕ್ಕಡಿ, ಹಿತ್ತಾಳೆ ತೂಕದ ಪೆಟ್ಟಿಗೆ ಮೇಜಿನ ಮೇಲಿಟ್ಟ. ಪೆಟ್ಟಿಗೆಯೊಳಗಿಂದ ಒಂದು ಗ್ರಾಂ, ಎರಡು ಗ್ರಾಂಗಳ ಉಗುರಿನಂಥ ತಗಡುಗಳನ್ನು ಮಾತ್ರ ಚಿಮುಟದಲ್ಲಿ ಎತ್ತಿ ತನ್ನ ಜೇಬಿಗೆ ಸೇರಿಸಿದ.

"ಇವನ್ನ ನಿನ್ನ ಕೈಗೆ ಕೊಟ್ಟರೆ ಯಾವುದೋ ಪುಸ್ತಕದಲ್ಲಿ ಗುರುತಿಗೆ ಇಟ್ಟು ಮರೀತೀಯ. ಮರಿಗೆ ಐದು ಗ್ರಾಂಗಿಂತ ಚಿಕ್ಕದು ಬೇಡ."

ಶನಿವಾರ ಕೆಂಪು ದಾರ ಇಪ್ಪತ್ತೈದು ಗ್ರಾಂ. ಭಾನುವಾರವೂ ಇಪ್ಪತ್ತೈದು.

"ಏರ್ತಿಲ್ಲ" ಎಂದಿತು ಫೋನು.

ಏರುತ್ತಿಲ್ಲ ಎಂದಮೇಲೆ ಓದಿದವನು ಸುಮ್ಮನಿರುವುದುಂಟೆ? ಗ್ರಂಥಪಾಲ ಕೋಳಿ ಸಾಕಣೆಯ ಮೂರು ಪುಸ್ತಕ ತೆಗೆದ. ಬರೀ ಮೊಟ್ಟೆಯ ಪುಡಿ ಹಾಕಿಕೊಂಡು ಬುಧವಾರದವರೆಗೆ ಕಾಯುವುದು ಅವೈಜ್ಞಾನಿಕ ಎಂದು ಕಂಡಿತು. ರಸೀದಿಯ ಹಾಳೆಯನ್ನು ಕರಡು ತಿದ್ದುವಂತೆ ಪೆನ್ಸಿಲಿನಲ್ಲಿ ತಿದ್ದಿದ. ಅಂಗಡಿಯಲ್ಲಿ ಮೊಟ್ಟೆಕೋಳಿಯ ಆಹಾರ ಇದೆ, ಅದರಲ್ಲಿ ಪ್ರೋಟೀನು ಹದಿನಾರು. ಒಣಮೀನಿನಲ್ಲಿ ಅರವತ್ತು. ಮೂರು ಪಾಲಿಗೆ ಒಂದು ಪಾಲು ಮೀನು ಬೆರೆಸಿದರೆ ಇಪ್ಪತ್ತಾರಕ್ಕೂ ಒಂದು ಮೇಲೆ! ಎಂಥ ಸುಲಭ! ಇಷ್ಟು ದಿನ ಮನುಕುಲಕ್ಕೆ ಇದು ಯಾಕೆ ಹೊಳೆಯಲಿಲ್ಲ!

ಮನುಕುಲಕ್ಕೆ ಹೊಳೆದಿತ್ತು, ಆದರೆ ಮನುಕುಲ ಮೀನಿನ ಉಪ್ಪನ್ನು ಮರೆತಿರಲಿಲ್ಲ. ಸಂತೆಯ ಒಣಮೀನು ಉಪ್ಪಿನಲ್ಲೇ ಹುಟ್ಟಿ ಉಪ್ಪಿನಲ್ಲೇ ಸತ್ತಂತಿರುತ್ತದೆ. ಅದನ್ನು ಗ್ರಂಥಪಾಲ, ಹೆಂಡತಿ ಅಕ್ಕನ ಮನೆಗೆ ಹೋಗಿದ್ದ ಸಮಯ ನೋಡಿ, ಮಿಕ್ಸಿಗೆ ಹಾಕಿ ಹಿಟ್ಟು ಮಾಡಿದ. ಕಾಫಿ ಬೀಜ ಪುಡಿ ಮಾಡುವ ಚಿಕ್ಕ ಜಾರೇ ಇದಕ್ಕೆ ಸರಿಯಾಗಿತ್ತು. ಮೂರು ಸಲ ತೊಳೆದ. ನಾಲ್ಕನೆಯ ಸಲ ಮೂಸಿಯೂ ನೋಡಿದ. ಆದರೆ ಅಷ್ಟು ಹೊತ್ತಿಗೆ ಅವನ ಮೂಗೇ ಮೀನಿನ ಪಕ್ಷ ಸೇರಿತ್ತು.

ಸೋಮವಾರ ಬೆಳಿಗ್ಗೆ ಹೆಂಡತಿ ಒಂದು ಗುಟುಕು ಕಾಫಿ ಕುಡಿದು, ಲೋಟವನ್ನು ಕೆಳಗಿಟ್ಟು, ಬಹಳ ಶಾಂತವಾಗಿ ಕೇಳಿದಳು.

"ರೀ, ಕಾಫಿ ಗಿಡ ಸಮುದ್ರದಲ್ಲಿ ಬೆಳೀತಾ?"

"ಹಾಗೇನಿಲ್ಲವಲ್ಲ."

"ಹಾಗಾದ್ರೆ ಈ ಲೋಟದಲ್ಲಿ ಈಜ್ತಿರೋದು ಯಾರು?"

ಗ್ರಂಥಪಾಲ ಪ್ರೋಟೀನಿನ ವಿಷಯವಾಗಿ ಒಂದು ಪುಟ್ಟ ಉಪನ್ಯಾಸ ಆರಂಭಿಸಿದ. ಮೊದಲ ಪ್ಯಾರಾ ಮುಗಿಯುವ ಮೊದಲೇ ಮಿಕ್ಸಿಯ ಜಾರು, ಮರಿಗಳ ಪೆಟ್ಟಿಗೆ, ಉಪನ್ಯಾಸಕ, ಮೂವರೂ ಹೊಸ್ತಿಲಾಚೆ ಇದ್ದರು. "ಸ್ನೇಹಿತರ ಮೇಲಿನ ಪ್ರೀತಿಗೆ ಇಟ್ಕೊಂಡೆ. ಹೊರಗೆ ಹಾಕ್ತಿರೋದು ಮರಿಗಳನ್ನಲ್ಲ, ನಿಮ್ಮ ಬುದ್ಧೀನ. ಅದು ವಾಚನಾಲಯದಲ್ಲೇ ಇರಲಿ!"

ಹೀಗೆ ಹನ್ನೊಂದು ಗಿನಿ ಕೋಳಿ ಮರಿಗಳು ಸದಸ್ಯತ್ವ ಚೀಟಿ ಇಲ್ಲದೆ ವಾಚನಾಲಯ ಪ್ರವೇಶಿಸಿದವು. ಹಿಂದಿನ ಕೋಣೆಯಲ್ಲಿ, ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಮೇಜಿನ ಮೇಲೆ, ಬಲ್ಬಿನ ಕೆಳಗೆ ಬಿಡಾರ. ಹೊಸ ಆಹಾರವನ್ನು ಗಬಗಬ ತಿಂದವು. ಗ್ರಂಥಪಾಲ ಹಿಗ್ಗಿದ. ತಿಂದು ಮುಗಿಸಿ ಎಲ್ಲವೂ ನೀರಿನ ತಟ್ಟೆಗೆ ಮುಗಿಬಿದ್ದವು. ತಟ್ಟೆ ಬರಿದಾಯಿತು. ತುಂಬಿದ. ಮತ್ತೆ ಬರಿದಾಯಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ! ಆದರೆ ಅವನಿಗೆ ಕಂಡದ್ದು ಬಾಯಾರಿಕೆ ಮಾತ್ರ, ಉಪ್ಪಲ್ಲ. 'ಪಾಪ, ಇಷ್ಟು ಚಿಕ್ಕ ತಟ್ಟೆ. ಅದರಲ್ಲೂ ಅರ್ಧ ಜಾಗ ಗೋಲಿಗೇ ಹೋಯಿತು' ಎಂದು ಮರುಗಿ, ಸಂಜೆ ಬಾಗಿಲು ಹಾಕುವ ಮೊದಲು ಅಂಟು ಕಲಸುವ ಅಗಲ ತಟ್ಟೆಯನ್ನು ತೊಳೆದು, ಅದರ ತುಂಬ ನೀರಿಟ್ಟು ಹೋದ. ಗೋಲಿಗಳನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟ.

ಇರುಳು ಕಂಡ ಬಾವಿಗೆ ಹಗಲು ಬೀಳುವುದು ಅಂದರೆ ಇದೇ. ಹಾಳೆಯಲ್ಲಿ ಬರೆದಿತ್ತು. ಅವನು ಓದಿದ್ದ. ಓದುವುದೊಂದನ್ನೇ ಅಲ್ಲವೇ ಅವನು ಜೀವಮಾನವಿಡೀ ಮಾಡಿದ್ದು!

ಮಂಗಳವಾರ ಬೆಳಿಗ್ಗೆ ಹತ್ತು ಮರಿಗಳು ಬಲ್ಬಿನ ಕೆಳಗೆ ಒತ್ತಿಕೊಂಡು ಕೂತಿದ್ದವು. ತಟ್ಟೆಯ ಅಂಚಿನಲ್ಲಿ ಒದ್ದೆ ಹತ್ತಿಯ ಉಂಡೆಯಂತೆ ಒಂದು ಬಿದ್ದಿತ್ತು. ಕಾಲಿಗೆ ಕೆಂಪು ದಾರ. ಗ್ರಂಥಪಾಲ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಬಾಯಿಂದ ಬಿಸಿ ಊದುತ್ತ ಅರ್ಧ ಗಂಟೆ ನಿಂತ. ಹೊರಗೆ ಓದುಗರು ಪತ್ರಿಕೆ ಕೊಡಿ ಎಂದು ಬಾಗಿಲು ಬಡಿಯುತ್ತಿದ್ದರು. ಆಮೇಲೆ ಮೆಟ್ಟಿಲ ಬಳಿಯ ಹೂಕುಂಡದಲ್ಲಿ ದಾರದ ಸಮೇತ ಅದನ್ನು ಹೂತ.

ಸಂಜೆ ಫೋನು ಬಂತು. ತಕ್ಕಡಿಯವನ ದನಿ ಆಗಲೇ ಸಣ್ಣಗಾಗಿತ್ತು.

"ಕೆಂಪು ದಾರ ಎಷ್ಟು?"

ಗ್ರಂಥಪಾಲ ಬಾಯಿ ತೆರೆದ. ಹೇಳಲೇಬೇಕೆಂದು ತೆರೆದ ಬಾಯಿ. ಅದರಿಂದ ಹೊರಬಿದ್ದದ್ದು, "ಮೂವತ್ತೊಂದು!"

ಆ ಕಡೆ ಮಂಚ ಕಿರುಗುಟ್ಟಿತು.

"ಮೂವತ್ತೊಂದಾ?"

"ಸರಿಯಾಗಿ ಮೂವತ್ತೊಂದು!"

"ಸರಿ" ಎಂದ ತಕ್ಕಡಿಯವನು. "ಚೆನ್ನಾಗಿ ತಿನ್ನಿಸು." ಆಮೇಲೆ ನಕ್ಕ. ಆಸ್ಪತ್ರೆ ಸೇರಿದ ಮೇಲೆ ಅದೇ ಮೊದಲ ನಗು ಎಂದು, ಫೋನು ತೆಗೆದುಕೊಂಡ ಅವನ ಹೆಂಡತಿ ಹೇಳಿದರು. "ದಿನಾ ಹೀಗೇ ಹೇಳಿ. ಈಗ ಎರಡು ಚಮಚ ಗಂಜಿ ಕುಡಿದ್ರು."

ಅಲ್ಲಿಗೆ ಗ್ರಂಥಪಾಲ ಸಿಕ್ಕಿಬಿದ್ದ. ಬುಧವಾರ ಟರ್ಕಿ ಆಹಾರ ಬಂತು. ಅದನ್ನು ಕೈಯಲ್ಲೇ ಇನ್ನಷ್ಟು ಸಣ್ಣಗೆ ಮಾಡಿ ಹಾಕಿದ. ಗೋಲಿಗಳು ಕಪಾಟಿನಿಂದ ತಟ್ಟೆಗೆ ಮರಳಿದವು. ಹಾಳೆಯ ಮೇಲಿದ್ದ ತನ್ನ ಪೆನ್ಸಿಲಿನ ಬುದ್ಧಿಯನ್ನೆಲ್ಲ ರಬ್ಬರಿನಿಂದ ಅಳಿಸಿದ. ಬದುಕಿದ್ದ ಹತ್ತು ಮರಿಗಳು ತಮ್ಮ ಪಾಡಿಗೆ ತಾವು ಬೆಳೆದವು. ಸತ್ತ ಮರಿ ಮಾತ್ರ ಗ್ರಂಥಾಧಾರದಿಂದ ಬೆಳೆಯತೊಡಗಿತು! ದಿನವೂ ಪುಸ್ತಕದ ಬೆಳವಣಿಗೆಯ ಕೋಷ್ಟಕ ನೋಡುವುದು, ಬಡಕಲು ಮರಿ ಎಂದು ಒಂದಿಷ್ಟು ಕಳೆಯುವುದು, ನಂಬಿಕೆ ಬರಲಿ ಎಂದು ಗುಂಡಗಿನ ಅಂಕಿಗಳನ್ನು ತಪ್ಪಿಸುವುದು. ಮೂವತ್ತೇಳು. ನಲವತ್ತೆಂಟು. ಅರವತ್ತೆರಡು. ತಕ್ಕಡಿಯವನು ಅಷ್ಟಕ್ಕೇ ಬಿಡುತ್ತಿರಲಿಲ್ಲ.

"ಹೇಗೆ ತಿಂತಾಳೆ?"

"ತಿನ್ನೋದಾ! ಬೇರೆಯವರನ್ನ ತಳ್ಳಿ ತಿಂತಾಳೆ. ನಿನ್ನೆ ದೊಡ್ಡದೊಂದರ ಬೆನ್ನು ಹತ್ತಿ ನಿಂತು ತಿಂದಳು."

"ಸೊಪ್ಪು?"

"ಸಣ್ಣಗೆ ಹೆಚ್ಚಿ ಹಾಕ್ತೀನಿ. ಜೊತೆಗೆ ಮರಳು."

"ಮರಳು ಅವಳೇ ಆರಿಸ್ತಾಳಾ?"

"ಒಂದೊಂದೇ ಕಣ ನೋಡಿ ಆರಿಸ್ತಾಳೆ. ನಿನ್ನದೇ ಬುದ್ಧಿ!"

ಅತ್ತಲಿಂದ ನಗು ಕೇಳುತ್ತಿತ್ತು. ಆ ನಗುವಿಗೆ ಎರಡು ಚಮಚ ಗಂಜಿ, ಕೆಲವು ದಿನ ಮೂರು. ಬದುಕಿದ್ದಾಗ ಮೂಲೆಯಿಂದ ಏಳದಿದ್ದ ಮರಿ ಸತ್ತ ಮೇಲೆ ಇಂಥ ಸಾಹಸಗಳನ್ನೆಲ್ಲ ಮಾಡಿತು. ಫೋನಿಟ್ಟು ಗ್ರಂಥಪಾಲ ಹೊರಬಂದರೆ ಹೂಕುಂಡ ಕಾಣುತ್ತಿತ್ತು. ಅವನು ಇನ್ನೊಂದು ಬದಿಯ ಮೆಟ್ಟಿಲು ಇಳಿಯತೊಡಗಿದ.

ಎರಡನೆಯ ವಾರದಲ್ಲಿ ಮೇಲಧಿಕಾರಿ ಹೇಳದೆ ಕೇಳದೆ ತಪಾಸಣೆಗೆ ಬಂದರು. 'ನಿಶ್ಶಬ್ದ' ಎಂಬ ಹಲಗೆಯ ಕೆಳಗೆ ಓದುಗರು ತಲೆ ತಗ್ಗಿಸಿ ಕೂತಿದ್ದರು; ಹಿಂದಿನ ಕೋಣೆಯಿಂದ ತುಕ್ಕು ಹಿಡಿದ ಹತ್ತು ಬಾಗಿಲುಗಳನ್ನು ಒಟ್ಟಿಗೆ ತೆರೆದಂಥ ಸದ್ದು ಬರುತ್ತಿತ್ತು.

"ಏನ್ರೀ ಅದು?"

"ಪರಾಮರ್ಶನ ವಿಭಾಗ ಸಾರ್."

ಅಧಿಕಾರಿ ಬಾಗಿಲು ತಳ್ಳಿದರು. ಮೇಜಿನ ಮೇಲೆ ಚುಕ್ಕಿ ಮೂಡುತ್ತಿದ್ದ ಹತ್ತು ಮರಿಗಳು. ಪಕ್ಕದಲ್ಲಿ ವಿಶ್ವಕೋಶದ ಮೇಲೆ ಹೆಚ್ಚಿದ ಮೊಟ್ಟೆ.

"ಯಾರವು ಇವು?"

"ಆಸ್ಪತ್ರೆಯಲ್ಲಿರೋ ಸ್ನೇಹಿತಂದು ಸಾರ್. ಬಂದು ತಗೊಂಡು ಹೋಗ್ತಾನೆ."

"ಯಾವಾಗ ಬರ್ತಾರೆ?"

ಎಲ್ಲ ಪ್ರಶ್ನೆಗೂ ಯಾವುದೋ ಕಪಾಟಿನಿಂದ ಉತ್ತರ ತೆಗೆದುಕೊಡುವವನು ನೆಲ ನೋಡುತ್ತ ನಿಂತ. ಅಧಿಕಾರಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಪಾಸಣೆ ಪುಸ್ತಕದಲ್ಲಿ 'ಹಿಂದಿನ ಕೋಣೆಗೆ ಬೀಗ ಹಾಕಿತ್ತು' ಎಂದು ಬರೆದು ಹೋದರು. ಹೋಗುವ ಮೊದಲು ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ಟಕ್ ಟಕ್ ಎಂದು ಕುಟ್ಟಿಯೂ ನೋಡಿದರು. ಹತ್ತೂ ಓಡಿ ಬಂದವು.

ನಾಲ್ಕನೆಯ ಭಾನುವಾರ ಗ್ರಂಥಪಾಲ ಆಸ್ಪತ್ರೆಗೆ ಹೋದ. ತಕ್ಕಡಿಯವನು ಹಾಸಿಗೆಯಲ್ಲಿ ಹುಡುಕಬೇಕಾದಷ್ಟು ಚಿಕ್ಕವನಾಗಿದ್ದ. ಕಣ್ಣು ಮಾತ್ರ ಹಳೆಯವೇ.

"ಆ ಬಾಗಿಲ ಹತ್ರ ತೂಕದ ಯಂತ್ರ ಇದೆ ನೋಡು" ಎಂದ. "ಎಂಟುನೂರು ಗ್ರಾಂ ಜಾಸ್ತಿ ತೋರಿಸುತ್ತೆ. ನಿಂತ ಕೂಡಲೇ ಗೊತ್ತಾಯ್ತು."

"ಸರಿಮಾಡಿಬಿಡು ಮತ್ತೆ! ನಿನಗೆ ಎರಡು ನಿಮಿಷದ ಕೆಲಸ."

"ಬೇಡ. ನನ್ನ ಹೆಂಡ್ತಿ ದಿನಾ ನನ್ನ ಅಂಕಿ ನೋಡಿ, ಪರವಾಗಿಲ್ಲ ಅಂತ ಹೋಗಿ ಒಂದು ಲೋಟ ಕಾಫಿ ಕುಡಿದು ಬರ್ತಾಳೆ. ಸರಿಮಾಡಿದ್ರೆ ಅದೂ ತಪ್ಪುತ್ತೆ."

"ನೀನು? ತಪ್ಪು ತೋರಿಸೋ ತಕ್ಕಡೀನ ಹಾಗೇ ಬಿಡ್ತೀಯಾ?"

ತಕ್ಕಡಿಯವನು ಅವನನ್ನೇ ನೋಡಿದ. "ದಿನಸಿಯವನ ತಪ್ಪು ಬೇರೆ ಕಣೋ. ಅದಿರಲಿ. ಕೆಂಪು ದಾರ ಎಷ್ಟು ಇವತ್ತು?"

"ನೂರ ಐವತ್ತೆಂಟು."

"ಒಂದ್ಸಲ ಕರ್ಕೊಂಡು ಬಾರೋ. ಕೈಯಲ್ಲಿ ಹಿಡೀಬೇಕು."

"ಆಸ್ಪತ್ರೆಯೊಳಗೆ ಕೋಳಿ ಬಿಡಲ್ವಲ್ಲ…"

"ಹೌದೌದು, ಬಿಡಲ್ಲ" ಎಂದು ತಕ್ಕಡಿಯವನು ಬೇಗನೆ ಒಪ್ಪಿಕೊಂಡ.

ಆ ಸಂಜೆ ಮನೆಯಲ್ಲಿ ಹೆಂಡತಿ ಕೇಳಿದಳು. "ಹೇಳಿದ್ರಾ?"

"ಇಲ್ಲ. ಒಂದ್ಸಲ ಕರ್ಕೊಂಡು ಬಾ, ಕೈಯಲ್ಲಿ ಹಿಡೀಬೇಕು ಅಂದ."

"ಅಷ್ಟು ಆಸೆಪಟ್ಟು ಕೇಳಿದ್ರಲ್ಲ, ಇನ್ನೊಂದರ ಕಾಲಿಗೆ ಕೆಂಪು ದಾರ ಕಟ್ಟಿ ತಗೊಂಡು ಹೋಗಿ ಮತ್ತೆ."

"ತಕ್ಕಡಿಯವನಿಗೆ ಮೋಸ ಮಾಡೋದಾ! ಹತ್ತರಲ್ಲಿ ಯಾವುದೂ ಇನ್ನೂರಕ್ಕೆ ಕಡಿಮೆ ಇಲ್ಲ. ಅಂಗೈಗೆ ಇಟ್ಟ ಕೂಡಲೇ ಹೇಳಿಬಿಡ್ತಾನೆ!"

"ಮೂರು ವಾರದಿಂದ ಮಾಡ್ತಿರೋದು ಇನ್ನೇನು? ಉಪಚಾರನಾ?" ಎಂದವಳು, ಗಂಡನ ಮುಖ ನೋಡಿ ದನಿ ತಗ್ಗಿಸಿದಳು. "ನೀವೇ ಹೇಳಿಬಿಡಿ ರೀ. ಬೇರೆಯವರಿಂದ ಗೊತ್ತಾಗಬಾರದು."

"ಮಂಗಳವಾರ ಹೋಗಿ ಎದುರಿಗೆ ಕೂತು ಹೇಳ್ತೀನಿ. ಫೋನಲ್ಲಿ ಆಗಲ್ಲ."

ಸೋಮವಾರ ಸಂಜೆ ನೂರ ಅರವತ್ತಮೂರು ಎಂದ. ಮಂಗಳವಾರ ಬೆಳಿಗ್ಗೆ ಮೊಟ್ಟೆ ಹೆಚ್ಚುವಾಗ ಧೈರ್ಯ ಸಾಲದೆ, ಬುಧವಾರ ಹೋದರಾಯಿತು, ಇವತ್ತಿಗೆ ಇನ್ನೊಂದು ಅಂಕಿ ಹೇಳಿದರಾಯಿತು ಎಂದುಕೊಂಡ. ಹತ್ತೂಕಾಲು ಆಗಿತ್ತು.

ಎಲ್ಲ ಮುಗಿದ ಮೇಲೆ ಗುರುವಾರ ತಕ್ಕಡಿಯವನ ಹೆಂಡತಿ ವಾಚನಾಲಯಕ್ಕೆ ಬಂದರು. ಮರಿಗಳನ್ನು ನೋಡಿದರು. ಎಣಿಸಲಿಲ್ಲ. ಗ್ರಂಥಪಾಲ ಕುರ್ಚಿ ಹಾಕಿ, ಎದುರಿಗೆ ನಿಂತ.

"ಅತ್ತಿಗೆ, ನಿಮಗೊಂದು ವಿಷಯ ಹೇಳಬೇಕು. ಅವನಿಗೆ ಹೇಳಬೇಕಿತ್ತು. ಆ ಕೆಂಪು ದಾರದ್ದು…"

"ಮೊದಲು ಇದು ತಗೊಳ್ಳಿ. ನಿಮಗೆ ಕೊಡು ಅಂದಿದ್ರು."

ಮಾತ್ರೆಯ ಕಾಗದದ ಚಿಕ್ಕ ಪೊಟ್ಟಣ, ಮೇಲೆ ಕೆಂಪು ದಾರದ ಎರಡು ಗಂಟು. ಬಿಚ್ಚಿದರೆ ಒಳಗೆ ಚಿಮುಟ, ಒಂದು ಗ್ರಾಂನ ಒಂದು ತಗಡು, ಎರಡು ಗ್ರಾಂನವು ಎರಡು. ಕಾಗದದ ಒಳಮೈಯಲ್ಲಿ ಸೊಟ್ಟ ಅಕ್ಷರ:

'ಹುಳ, ನಿನ್ನ ಪೆಟ್ಟಿಗೆಯಲ್ಲಿ ಐದಕ್ಕಿಂತ ಚಿಕ್ಕ ತೂಕವೇ ಇಲ್ಲ. ಮೂವತ್ತೊಂದನ್ನ ಯಾವುದರಲ್ಲಿ ತೂಗಿದೆ? ಇವನ್ನಿಟ್ಟುಕೋ. ಸುಳ್ಳನ್ನಾದರೂ ಸರಿಯಾಗಿ ತೂಗಬೇಕು. ದಾರ ಇನ್ನೊಂದಕ್ಕೆ ಕಟ್ಟು.'

ನಲವತ್ತು ಸಾವಿರ ಪುಸ್ತಕದ ಒಡೆಯ ಆ ನಾಲ್ಕು ಸಾಲನ್ನು ಮುಗಿಸಲು ಬಹಳ ಹೊತ್ತು ತೆಗೆದುಕೊಂಡ. ಗೊತ್ತಿತ್ತು. ತಕ್ಕಡಿಯವನಿಗೆ ಮೊದಲ ಸಂಜೆಯೇ ಗೊತ್ತಿತ್ತು. ಗೊತ್ತಿದ್ದೇ ಸೊಪ್ಪಿನ ಬಗ್ಗೆ, ಮರಳಿನ ಬಗ್ಗೆ ಕೇಳಿ ಕೇಳಿ ನಕ್ಕಿದ್ದ.

"ಇದನ್ನ ಯಾವಾಗ ಕಟ್ಟಿದ?"

ಸೋಮವಾರ ಸಂಜೆ, ನಿಮ್ಮ ಫೋನು ಇಟ್ಟ ಮೇಲೆ, ಎಂದರು ಅತ್ತಿಗೆ. ನೂರ ಅರವತ್ತಮೂರಂತೆ ಕಣೇ ಎಂದು ನಕ್ಕನಂತೆ. ಶರಟಿನ ಜೇಬಿನಿಂದ ತೂಕಗಳನ್ನು ತೆಗೆಸಿಕೊಂಡು, ತಾನೇ ಬರೆದು, ತಾನೇ ಮಡಿಚಿದನಂತೆ. ಕಟ್ಟಲು ದಾರ ಕೊಡಹೋದರೆ ಬಿಳಿಯದು ಬೇಡ ಎಂದನಂತೆ. ಆಸ್ಪತ್ರೆಯ ಹೊದಿಕೆಯ ಅಂಚಿನಲ್ಲಿ ಕೆಂಪು ಪಟ್ಟಿ ಇತ್ತು. ಅದರಿಂದ ಒಂದು ಎಳೆಯನ್ನು ಉಗುರಿನಲ್ಲಿ ಮೆಲ್ಲಗೆ ಎಳೆದು, ಹಲ್ಲಿನಲ್ಲಿ ಕಡಿದು, ಪೊಟ್ಟಣಕ್ಕೆ ಸುತ್ತಿ ಎರಡು ಗಂಟು ಹಾಕಿ, "ಮರಿ ಕಾಲಿಗೆ ಇಷ್ಟು ಬಿಗಿ ಮಾಡಬಾರದು ಅಂತ ಹೇಳು ಅವನಿಗೆ, ಬೆಳೆಯೋ ಕಾಲು" ಎಂದು, ಅದನ್ನು ಹೆಂಡತಿಯ ಅಂಗೈಯಲ್ಲಿಟ್ಟು ಬೆರಳು ಮಡಿಚಿದ.